ಮೊದಲು ಮಗುಚಿ ನೋಡಿ: ಹಳೆಯ ಬ್ರೋಚಿನ ವಯಸ್ಸು ಪತ್ತೆ ಮಾಡುವ ಬಗೆ

ನಮ್ಮ ಮನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಉಂಟು. ಅಜ್ಜಿಯ ಕಪಾಟಿನಿಂದ ನನ್ನ ಕೈಗೆ ಬಂದದ್ದು. ಅದರೊಳಗೆ ಅಂಗಿ ಗುಂಡಿಗಳು, ಮುರಿದ ಬೆಂಡೋಲೆ, ನಾಲ್ಕೈದು ಹಳೆ ನಾಣ್ಯ, ಮತ್ತೆ ಹತ್ತಿಯಲ್ಲಿ ಸುತ್ತಿಟ್ಟ ಒಂದು ಬೆಳ್ಳಿ ಬ್ರೋಚ್, ಅಂದರೆ ಹಿಂದಿನ ಸೂಜಿಯಿಂದ ಬಟ್ಟೆಗೆ ಸಿಕ್ಕಿಸುವ ಒಡವೆ, ಇದ್ದವು. ಬ್ರೋಚಿನ ಮೇಲೆ ದ್ರಾಕ್ಷಿ ಎಲೆಗಳ ಒಂದು ಗೊಂಚಲು. ಅಜ್ಜಿಯ ಅಮ್ಮ ಮಂಗಳೂರಿನ ಮಿಷನ್ ಶಾಲೆಯಲ್ಲಿ ಟೀಚರ್ ಆಗಿದ್ದರು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳು ಇಲ್ಲಿಂದ ಹೋಗಬೇಕಾಗಿ ಬಂದಾಗ, ಒಬ್ಬರು ಮೇಡಮ್ ತಮ್ಮ ಕುತ್ತಿಗೆಯ ಹತ್ತಿರದಿಂದ ಅದನ್ನು ಬಿಚ್ಚಿ ಇವರಿಗೆ ಕೊಟ್ಟರಂತೆ. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಬ್ರೋಚನ್ನು ಮಗುಚಿ ಅದರ ಬೆನ್ನು ನೋಡಿದವರು ಯಾರೂ ಇರಲಿಲ್ಲ.

ನಾನು ನೋಡಿದೆ. ಅಲ್ಲಿಂದ ನನ್ನ ಸಂಗ್ರಹ ಶುರುವಾಯಿತು. ಆ ಬೆನ್ನಿನಲ್ಲಿ ಏನಿತ್ತು ಎಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನೋಡುವುದು ಹೇಗೆ ಎಂದು ಹೇಳಬೇಕು.

ಕರಾವಳಿಯ ಮನೆಗಳಲ್ಲಿ ಹಳೆಯ ಬ್ರೋಚ್ ಸಿಗುವುದು ಆಶ್ಚರ್ಯವಲ್ಲ. ಆ ಜರ್ಮನ್ ಮಿಷನರಿಗಳ ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂತು. ಘಟ್ಟದ ಮೇಲೆ ಕಾಫಿ ತೋಟದ ದೊರೆಗಳಿದ್ದರು. ಗೋವೆಯ ನಂಟು ಅದಕ್ಕೂ ಹಳೆಯದು. ಮುಂಬೈಗೆ ದುಡಿಯಲು ಹೋದವರು ಅಲ್ಲಿಂದ ತಂದದ್ದೂ ಬಹಳ. ಸೀರೆಯ ಸೆರಗನ್ನು ಭುಜದ ಮೇಲೆ ಬ್ರೋಚಿನಿಂದ ಹಿಡಿಸುವ ಪದ್ಧತಿ 19ನೇ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ದೇಶದ ಓದಿದ ಹೆಂಗಸರಲ್ಲಿ ಹರಡಿತು. ಹಾಗಾಗಿ ಎಷ್ಟೋ ಮನೆಗಳಲ್ಲಿ "ಅಜ್ಜಿಯ ಸೀರೆ ಪಿನ್ನು" ಎಂದು ಸುಮ್ನೆ ಬಿದ್ದಿರುವುದು ನೂರು ವರ್ಷ ದಾಟಿದ ಒಡವೆ ಇರಬಹುದು. 1960ರ ದಶಕದ ಪೇಟೆ ಮಾಲೂ ಇರಬಹುದು. ಎರಡನ್ನೂ ಮುಂಭಾಗ ನೋಡಿ ಬೇರೆ ಮಾಡಲು ಆಗುವುದಿಲ್ಲ.

ಇಡೀ ಕೆಲಸಕ್ಕೆ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಒಂದು ಒಡವೆಯಲ್ಲಿ ಮೂಲದಿಂದಲೇ ಇರುವ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಹೊಸದೋ, ಒಡವೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹತ್ತು ಗುರುತುಗಳು 1880 ಎಂದು ಹೇಳಿದರೂ ಒಂದು ಗುರುತು 1955 ಎಂದರೆ, ಆ ಒಂದರ ಮಾತನ್ನೇ ಕೇಳಬೇಕು. ಅದು ರಿಪೇರಿಯಲ್ಲಿ ಬಂದದ್ದು ಎಂದು ತೋರಿಸಲು ಸಾಧ್ಯವಾದರೆ ಮಾತ್ರ ಅದನ್ನು ಬದಿಗಿಡಬಹುದು.

ಕೈಗೆ ಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ. ಅಕ್ಕಸಾಲಿಗಳು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಒಂದು ಆಯಸ್ಕಾಂತ, ಒಂದು ಬಿಳಿ ಬಟ್ಟೆ, ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಮೆರಾ. ಬೆಳಗ್ಗೆ ಹತ್ತರ ಹೊತ್ತಿಗೆ ಕಿಟಕಿಯ ಹತ್ತಿರ ಕೂತುಕೊಳ್ಳಿ. ಟ್ಯೂಬ್‌ಲೈಟಿನಲ್ಲಿ ಬೆಸುಗೆಯ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ತೊಳೆಯಬೇಡಿ, ಉಜ್ಜಬೇಡಿ. ಈ ಮಾತನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನಗೆ ಒಂದು ಇಂಗ್ಲಿಷ್ ಬೆಳ್ಳಿ ಬ್ರೋಚ್ ಸಿಕ್ಕಿತ್ತು. ಕಪ್ಪಾಗಿತ್ತು. ಹಿಂದೆ ಲೋಹ, ಊರು, ವರ್ಷ ಹೇಳುವ ಸಣ್ಣ ಮುದ್ರೆಗಳ ಒಂದು ಸಾಲು ಇತ್ತು. ಮನೆಗೆ ಹೋಗಿ ನಿಧಾನವಾಗಿ ಓದುವ ಎಂದುಕೊಂಡು, ಮೊದಲು ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟೆ. ಮುದ್ರೆ ಮುಟ್ಟಬೇಡಿ ಎಂದೂ ಹೇಳಿದ್ದೆ. ಅವರು ಯಂತ್ರದ ಚಕ್ರಕ್ಕೆ ಹಿಡಿದು ಹಿಂದೆ ಮುಂದೆ ಎರಡೂ ಹೊಳೆಯುವ ಹಾಗೆ ಮಾಡಿ ಕೊಟ್ಟರು. ಊರು ಹೇಳುವ ಲಂಗರಿನ ಗುರುತು ಅರ್ಧ ಉಳಿದಿತ್ತು. ವರ್ಷ ಹೇಳುವ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಆ ಬ್ರೋಚಿನ ವರ್ಷ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕೈಗೆ ಬಂದ ಕೂಡಲೇ ನಾಲ್ಕು ಫೋಟೋ ತೆಗೆಯಿರಿ: ಮುಂದೆ, ಹಿಂದೆ, ಕೊಕ್ಕೆ, ಮುದ್ರೆ. ಉಳಿದದ್ದೆಲ್ಲ ಆಮೇಲೆ.

ಮೊದಲ ಹೆಜ್ಜೆ: ಬೆನ್ನು

ಬ್ರೋಚನ್ನು ಮಗುಚಿ ಬಟ್ಟೆಯ ಮೇಲೆ ಇಡಿ. ಮೂರು ಭಾಗ ಕಾಣುತ್ತದೆ: ಸೂಜಿ, ಸೂಜಿ ತಿರುಗುವ ಕೀಲು, ಸೂಜಿಯ ತುದಿ ಸಿಕ್ಕಿಸುವ ಕೊಕ್ಕೆ. ಮೂರನ್ನೂ ಬೇರೆ ಬೇರೆಯಾಗಿ ನೋಡಿ.

ಕೊಕ್ಕೆಯಿಂದ ಶುರು ಮಾಡಿ. ಬರೀ ಒಂದು ತಂತಿಯೋ ಪಟ್ಟಿಯೋ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದೆಯಾ? ಬೀಗ ಇಲ್ಲ, ತಿರುಗುವ ಮುಚ್ಚಳ ಇಲ್ಲ, ಸೂಜಿ ಸುಮ್ನೆ ಅದರೊಳಗೆ ಒರಗಿ ನಿಲ್ಲುತ್ತದೆಯಾ? 19ನೇ ಶತಮಾನದ ಬ್ರೋಚುಗಳಲ್ಲಿ ಇದೇ ಸಾಮಾನ್ಯ ಕೊಕ್ಕೆ. 20ನೇ ಶತಮಾನ ಶುರುವಾದ ಮೇಲೂ ಕೆಲವು ಕಾಲ ಇತ್ತು. ಅಗ್ಗದ ಒಡವೆಗಳಲ್ಲಿ ಇನ್ನೂ ಮುಂದಕ್ಕೆ ನಡೆಯಿತು. ಹಾಗಾಗಿ ಸಿ ಕೊಕ್ಕೆ ಕಂಡ ತಕ್ಷಣ ಕುಣಿಯಬಾರದು. ಈಗ ಹಳೆಯದರ ನಕಲು ಮಾಡುವವರೂ ಇದೇ ಕೊಕ್ಕೆ ಹಾಕುತ್ತಾರೆ.

ಕೊಕ್ಕೆಯ ಮೇಲೆ ಸಣ್ಣ ಚಕ್ರದ ಹಾಗೆ ಒಂದು ಭಾಗ ತಿರುಗಿ ಸೂಜಿಯನ್ನು ಒಳಗೆ ಮುಚ್ಚಿಬಿಡುತ್ತದೆ ಅಂತಾದರೆ ಅದು 1900ರ ನಂತರದ್ದು. 1920–30ರ ಹೊತ್ತಿಗೆ ಇದು ಎಲ್ಲ ಕಡೆ ಬಂತು. ಇಂದಿನ ಬ್ರೋಚುಗಳಲ್ಲಿ ಇರುವುದೂ ಇದೇ.

ಇನ್ನೊಂದು ಜಾತಿ ಉಂಟು. ಸಣ್ಣ ಕೊಳವೆಯೊಳಗೆ ಇನ್ನೊಂದು ಕೊಳವೆ. ತಲೆಯನ್ನು ಹಿಡಿದು ಎಳೆದರೆ ಹೊರಗೆ ಬರುತ್ತದೆ, ಸೂಜಿ ಬಿಡುಗಡೆಯಾಗುತ್ತದೆ. ತಳ್ಳಿದರೆ ಬೀಗ. ಟ್ರಾಂಬೋನ್ ವಾದ್ಯದ ಹಾಗೆ ಜಾರುವುದರಿಂದ ಟ್ರಾಂಬೋನ್ ಕೊಕ್ಕೆ ಎಂದೇ ಹೆಸರು. 19ನೇ ಶತಮಾನದ ಮಧ್ಯದಿಂದ ಯುರೋಪಿನ ಕೆಲಸಗಳಲ್ಲಿ ಕಾಣುತ್ತದೆ, 20ನೇ ಶತಮಾನದಲ್ಲೂ ಬಹಳ ಕಾಲ ಇತ್ತು. ಇದು ವರ್ಷಕ್ಕಿಂತ ಹೆಚ್ಚಾಗಿ ಊರನ್ನು ಹೇಳುತ್ತದೆ. ಕಂಡರೆ ಯುರೋಪಿನ ಮುದ್ರೆ ಹುಡುಕಿ.

ಸೂಜಿಯ ಉದ್ದ ನನಗೆ ಎಲ್ಲಕ್ಕಿಂತ ಇಷ್ಟದ ಗುರುತು. ಹಳೆಯ ಬ್ರೋಚುಗಳಲ್ಲಿ ಸೂಜಿ ಕೊಕ್ಕೆಯನ್ನು ದಾಟಿ, ಕೆಲವು ಸಲ ಬ್ರೋಚಿನ ಅಂಚನ್ನೂ ದಾಟಿ ಹೊರಗೆ ಬರುತ್ತದೆ. ಬೀಗ ಇಲ್ಲದ ಕೊಕ್ಕೆ ನೋಡಿ, ಜಾರಬಾರದು ಎಂದರೆ ಸೂಜಿಯ ತುದಿಯನ್ನು ಮತ್ತೊಮ್ಮೆ ಬಟ್ಟೆಗೆ ಚುಚ್ಚಬೇಕಿತ್ತು. ಅದಕ್ಕೇ ಆ ಉದ್ದ. ಬೀಗದ ಕೊಕ್ಕೆ ಬಂದ ಮೇಲೆ ಆ ಉದ್ದಕ್ಕೆ ಕೆಲಸ ಇಲ್ಲದಾಯಿತು, ಸೂಜಿ ಗಿಡ್ಡವಾಯಿತು. ನಕಲು ಮಾಡುವವರು ಕೊಕ್ಕೆಯನ್ನು ಹಳೆಯ ರೀತಿ ಮಾಡಿ ಸೂಜಿಯನ್ನು ಹೊಸ ಉದ್ದದಲ್ಲೇ ಬಿಡುವುದು ಜಾಸ್ತಿ. ಆದರೆ ಉದ್ದ ಸೂಜಿ ಕೈಗೆ ಚುಚ್ಚುತ್ತದೆ ಎಂದು ಮನೆಯವರೇ ತುದಿ ಕತ್ತರಿಸಿದ್ದೂ ಉಂಟು. ಭೂತಗನ್ನಡಿಯಲ್ಲಿ ನೋಡಿ. ಮೂಲದ ತುದಿ ನಿಧಾನವಾಗಿ ಸಪೂರವಾಗುತ್ತಾ ಹೋಗಿರುತ್ತದೆ. ಕತ್ತರಿಸಿದ್ದು ಚಟಕ್ಕನೆ ಮುಗಿದಿರುತ್ತದೆ.

ಕೀಲು: ಹಳೆಯ ಕೆಲಸದಲ್ಲಿ ಮೂರು ಸಣ್ಣ ಕೊಳವೆಗಳು ಸಾಲಾಗಿ ಇರುತ್ತವೆ. ಎರಡು ಬ್ರೋಚಿಗೆ ಬೆಸೆದದ್ದು, ನಡುವಿನದು ಸೂಜಿಯದ್ದು, ಒಳಗೆ ಒಂದು ತಂತಿ. ಬಾಗಿಲ ಕೀಲಿನ ಹಾಗೆಯೇ. ಹೊಸ ಕೆಲಸದಲ್ಲಿ ಎರಡು ಕಿವಿಗಳ ನಡುವೆ ಸೂಜಿಯ ಗುಂಡು ತಲೆಯನ್ನು ಕೂರಿಸಿ, ಒಂದು ಮೊಳೆ ಹಾಕಿ ತಟ್ಟಿರುತ್ತಾರೆ. ಇದು ರೆಡಿಮೇಡ್ ಸಿಗುತ್ತದೆ.

ಬೆಸುಗೆ: ಇಲ್ಲಿ ತಡವಾದರೂ ಪರವಾಗಿಲ್ಲ

ಸೂಜಿ ಸಾವಿರ ಸಲ ಬಿಚ್ಚಿ ಹಾಕುವ ಭಾಗ. ಅದು ಮುರಿಯುವುದು, ಬದಲಾಗುವುದು ಸಹಜ. ಆದ್ದರಿಂದ ಬೆನ್ನಿನ ಮೂರು ಭಾಗಗಳು ಮೂಲದ್ದೋ ಆಮೇಲೆ ಬಂದದ್ದೋ ಎಂದು ಬೆಸುಗೆ ನೋಡಿಯೇ ತೀರ್ಮಾನ ಮಾಡಬೇಕು. ಒಳ್ಳೆಯ ಮೂಲ ಬೆಸುಗೆ ತೆಳುವಾಗಿ, ಅದೇ ಲೋಹದ ಬಣ್ಣದಲ್ಲಿ, ಹರಿದು ಕೂಡಿಕೊಂಡಿರುತ್ತದೆ. ಎಲ್ಲಿ ಶುರು ಎಲ್ಲಿ ಕೊನೆ ಎಂದು ಗೊತ್ತಾಗುವುದಿಲ್ಲ. ರಿಪೇರಿ ಬೆಸುಗೆ ಹೆಚ್ಚಾಗಿ ಮಂಕಾದ ಬೂದಿ ಬಣ್ಣದ ಮುದ್ದೆ. ಅದು ಸೀಸ ಸೇರಿದ ಬೆಸುಗೆ. ಕೊಕ್ಕೆಯ ಪಕ್ಕದಲ್ಲಿ ಹಳೆಯ ಕೊಕ್ಕೆ ಇದ್ದ ಜಾಗದ ಕಲೆ, ಗೀರು, ಚಿಕ್ಕ ಉಬ್ಬು ಇದೆಯಾ ಎಂದು ಹುಡುಕಿ. ಇದ್ದರೆ, ಈಗಿನ ಕೊಕ್ಕೆಯನ್ನು ಲೆಕ್ಕದಿಂದ ತೆಗೆದುಬಿಡಿ.

ಈ ಸೀಸದ ಬೆಸುಗೆಯ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಹಾಗೆಯೇ ಇಟ್ಟು ಮತ್ತೆ ಬೆಂಕಿ ತೋರಿಸಿದರೆ ಸೀಸ ಚಿನ್ನ, ಬೆಳ್ಳಿಯ ಒಳಕ್ಕೆ ಇಳಿದು ಲೋಹವನ್ನೇ ತಿನ್ನುತ್ತದೆ. ರಿಪೇರಿಗೆ ಕೊಡುವಾಗ ಆಚಾರ್ರಿಗೆ ಆ ಮುದ್ದೆಯನ್ನು ತೋರಿಸಿಯೇ ಕೊಡಿ. ರಥಬೀದಿಯಲ್ಲಿ ಕೂತು ಕೈಕೆಲಸ ಮಾಡುವ ಹಳೆಯ ಆಚಾರ್ರುಗಳಿಗೆ ಇದು ಹೇಳದೆಯೂ ಗೊತ್ತಿರುತ್ತದೆ. ನನಗೆ ಬೆಸುಗೆ ಓದಲು ಕಲಿಸಿದವರೂ ಅಂಥವರೇ ಒಬ್ಬರು. "ಅಕ್ಕ, ಮುಂದೆ ನೋಡುವುದು ಹಾಕಿಕೊಳ್ಳುವವರು. ಕೆಲಸ ನೋಡಬೇಕಾದರೆ ಹಿಂದೆ ನೋಡಿ" ಎಂದು ಅವರು ಹೇಳುತ್ತಿದ್ದರು.

ಬೆನ್ನು ನೋಡುವಾಗಲೇ ಮಾಡಿದ್ದು ಹೇಗೆ ಎಂಬುದನ್ನೂ ನೋಡಿ. ಕೈಯಲ್ಲಿ ಕೊರೆದ ತೂತಿನ ಒಳಗೆ ಗರಗಸದ ಸಣ್ಣ ಗೀರುಗಳಿರುತ್ತವೆ, ಎರಡು ಎಲೆ ಒಂದೇ ತರ ಇರುವುದಿಲ್ಲ. ಅಚ್ಚಿಗೆ ಹೊಯ್ದ ಅಗ್ಗದ ಮಾಲಿನಲ್ಲಿ ಬೆನ್ನು ಮರಳಿನ ಹಾಗೆ ತರಿ ತರಿ, ಅಲ್ಲಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿ. ಹಳೆಯದರಲ್ಲಿ ಸವೆತ ಎತ್ತರದ ಜಾಗದಲ್ಲಿ ಜಾಸ್ತಿ, ತಗ್ಗಿನಲ್ಲಿ ಕಮ್ಮಿ. ಬಣ್ಣ ಹಾಕಿ ಹಳೆಯದು ಮಾಡಿದ್ದರಲ್ಲಿ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ.

ಮುದ್ರೆ ಓದುವುದು

ಮುದ್ರೆ ಎಲ್ಲಿರುತ್ತದೆ? ಬೆನ್ನಿನ ನಡುವೆ, ಅಂಚಿನಲ್ಲಿ, ಕೊಕ್ಕೆಯ ಮೇಲೆ, ಸೂಜಿಯ ಬುಡದಲ್ಲಿ. ಸೂಜಿಯ ಮೇಲೆ ಮಾತ್ರ ಇದ್ದರೆ ಅದು ಸೂಜಿಯ ಮುದ್ರೆ ಎಂದಷ್ಟೇ ತಿಳಿಯಿರಿ. ಚಿನ್ನದ ಸೂಜಿ ಬೇರೆ ಲೋಹದ ಬ್ರೋಚಿಗೆ ಹಾಕಿದ್ದನ್ನು ನಾನು ನೋಡಿದ್ದೇನೆ.

ಇಂಗ್ಲೆಂಡಿನ ಬೆಳ್ಳಿಯಾದರೆ ನಡೆಯುವ ಸಿಂಹದ ಮುದ್ರೆ ಇರುತ್ತದೆ. ಸಾವಿರಕ್ಕೆ 925 ಪಾಲು ಬೆಳ್ಳಿ ಎಂದು ಅರ್ಥ. ಅದರ ಪಕ್ಕದಲ್ಲಿ ಊರಿನ ಗುರುತು: ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಮೂರು ಗೋಧಿ ಸಿವುಡು ಮತ್ತು ಕತ್ತಿ ಇದ್ದರೆ ಚೆಸ್ಟರ್, ಮುದ್ರೆ ಒತ್ತುವ ಅಲ್ಲಿನ ಕಚೇರಿ 1962ರಲ್ಲಿ ಮುಚ್ಚಿತು. ಆಮೇಲೆ ಒಂದು ಅಕ್ಷರ. ಅದು ವರ್ಷದ ಅಕ್ಷರ, ಪ್ರತಿ ವರ್ಷ ಬದಲಾಗುತ್ತದೆ. ಒಂದು ಸುತ್ತು ಮುಗಿದ ಮೇಲೆ ಅಕ್ಷರದ ಶೈಲಿಯೂ ಅದರ ಸುತ್ತಲಿನ ಚೌಕಟ್ಟಿನ ಆಕಾರವೂ ಬದಲಾಗುತ್ತದೆ. ಹಾಗಾಗಿ ಅಕ್ಷರ ಒಂದೇ ಸಾಲದು. ಚೌಕಟ್ಟನ್ನೂ ಬರೆದುಕೊಂಡು ಆಯಾ ಊರಿನ ಪಟ್ಟಿಯಲ್ಲಿ ನೋಡಬೇಕು. ರಾಜ ಅಥವಾ ರಾಣಿಯ ತಲೆಯ ಸಣ್ಣ ಮುದ್ರೆ ಇದ್ದರೆ ಅದು ಹೆಚ್ಚಾಗಿ ತೆರಿಗೆ ಕಟ್ಟಿದ ಗುರುತು. ಆ ತೆರಿಗೆಯ ಗುರುತು 1784ರಿಂದ 1890ರವರೆಗೆ ಮಾತ್ರ ಇತ್ತು.

ಇಂಗ್ಲೆಂಡಿನ ಚಿನ್ನಕ್ಕೆ ಒಂದು ಸುಲಭದ ಗುರುತು ಉಂಟು. 9, 12, 15 ಕ್ಯಾರೆಟ್ ಚಿನ್ನಕ್ಕೆ ಅಲ್ಲಿ ಮಾನ್ಯತೆ ಸಿಕ್ಕಿದ್ದು 1854ರಲ್ಲಿ. 1932ರಲ್ಲಿ 12 ಮತ್ತು 15ನ್ನು ನಿಲ್ಲಿಸಿ 14ನ್ನು ತಂದರು. ಆದ್ದರಿಂದ 15 ಕ್ಯಾರೆಟ್ ಎಂದು ಒತ್ತಿದ್ದರೆ ಅದು ಆ ಎರಡು ವರ್ಷಗಳ ನಡುವಿನದು. ನಮ್ಮಲ್ಲಿ ಕೆಲವು ಅಂಗಡಿಯವರು 22 ಕ್ಯಾರೆಟ್ ಅಲ್ಲದ್ದನ್ನು ಚಿನ್ನ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಕರಗಿಸಲು ಕೇಳುತ್ತಾರೆ. 15 ಕ್ಯಾರೆಟ್ ಬ್ರೋಚನ್ನು ದಯವಿಟ್ಟು ಕರಗಿಸಬೇಡಿ. ಅದರ ಬೆಲೆ ತೂಕದಲ್ಲಿ ಇಲ್ಲ.

ವಜ್ರಾಕೃತಿಯ ಚೌಕದ ಮೂಲೆಗಳಲ್ಲಿ ಅಕ್ಷರ, ಅಂಕೆ ಇದ್ದರೆ ಅದು ಬ್ರಿಟನ್ನಿನಲ್ಲಿ ವಿನ್ಯಾಸ ನೋಂದಾಯಿಸಿದ ಗುರುತು, 1842ರಿಂದ 1883ರವರೆಗಿನದು. 1884ರಿಂದ ಅದರ ಬದಲು 'ಆರ್‌ಡಿ' ಎಂದು ಬರೆದು ಸಾಲಾಗಿ ಸಂಖ್ಯೆ ಹಾಕಿದರು. 1900ರ ಹೊತ್ತಿಗೆ ಆ ಸಂಖ್ಯೆ ಮೂರೂವರೆ ಲಕ್ಷ ದಾಟಿತ್ತು. ಇದು ವಿನ್ಯಾಸ ನೋಂದಾಯಿಸಿದ ವರ್ಷ. ಒಡವೆ ಅದಕ್ಕಿಂತ ಕೆಲವು ವರ್ಷ ಈಚೆಯದೂ ಇರಬಹುದು.

ಜರ್ಮನಿಯ ಬೆಳ್ಳಿಯಲ್ಲಿ ಅರ್ಧಚಂದ್ರ, ಕಿರೀಟ, ಪಕ್ಕದಲ್ಲಿ 800 ಅಥವಾ ಅದಕ್ಕಿಂತ ಹೆಚ್ಚಿನ ಅಂಕೆ ಇರುತ್ತದೆ. ಈ ಪದ್ಧತಿ ಜಾರಿಗೆ ಬಂದದ್ದು 1888ರಲ್ಲಿ. ಫ್ರಾನ್ಸಿನ 18 ಕ್ಯಾರೆಟ್ ಚಿನ್ನದಲ್ಲಿ ಹದ್ದಿನ ತಲೆ, 1838ರಿಂದ. ಅದು ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೇ, ತಾಳ್ಮೆಯಿಂದ ಹುಡುಕಬೇಕು. ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದ್ದರೆ ಹೆಚ್ಚಾಗಿ 1891ರ ನಂತರದ್ದು. ಆಗ ಅಮೆರಿಕ ತನ್ನಲ್ಲಿಗೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ಕಾನೂನು ಮಾಡಿತ್ತು. 'ಇಪಿಎನ್‌ಎಸ್' ಎಂದಿದ್ದರೆ ಅದು ಬೆಳ್ಳಿಯ ನೀರು ಕೊಟ್ಟದ್ದು, ಬೆಳ್ಳಿ ಅಲ್ಲ. ವಿದ್ಯುತ್ತಿನಿಂದ ಬೆಳ್ಳಿಯ ನೀರು ಕೊಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1840ರಲ್ಲಿ.

ಮುದ್ರೆಯೇ ಇಲ್ಲದಿದ್ದರೆ? ಬೇಸರ ಬೇಡ. ಇಂಗ್ಲೆಂಡಿನಲ್ಲೇ ಎಷ್ಟೋ ಸಣ್ಣ ಒಡವೆಗಳು ಮುದ್ರೆ ಇಲ್ಲದೆ ಮಾರಾಟವಾಗಿವೆ. ನಮ್ಮ ದೇಶದ ಹಳೆಯ ಕೆಲಸದಲ್ಲಂತೂ ಇರುವುದು ಅಪರೂಪ, ಇದ್ದರೂ ಮಾಡಿದವರ ಹೆಸರಿನ ಅಕ್ಷರಗಳಷ್ಟೇ. ಭಾರತದಲ್ಲಿ ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಶುರುವಾದದ್ದು 2000ದಲ್ಲಿ, ಒಂದೊಂದು ಒಡವೆಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕೆಯ ಗುರುತು, ಎಚ್‌ಯುಐಡಿ, ಬಂದದ್ದು 2021ರಲ್ಲಿ. ಬಿಐಎಸ್ ಮುದ್ರೆಯ ಬ್ರೋಚನ್ನು "ಅಜ್ಜಿಯ ಕಾಲದ್ದು" ಎಂದು ಯಾರಾದರೂ ಕೊಟ್ಟರೆ, ಎರಡು ಮಾತಿಲ್ಲದೆ ವಾಪಸ್ ಕೊಡಿ.

ಕಲ್ಲು, ಚಿಪ್ಪು, ಕಪ್ಪು ವಸ್ತುಗಳು

ವಜ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಅಡಿ ಚಪ್ಪಟೆ, ಮೇಲೆ ಗುಮ್ಮಟದ ಹಾಗಿರುವ ರೋಸ್ ಕಟ್ ಹಳೆಯದು. ಇಂದಿನ ದುಂಡು ಬ್ರಿಲಿಯಂಟ್ ಕಟ್ಟಿನ ಅಳತೆಗಳ ಲೆಕ್ಕ ಪ್ರಕಟವಾದದ್ದು 1919ರಲ್ಲಿ.

ಕಲ್ಲಿನ ಹಿಂಭಾಗ ಮುಚ್ಚಿ, ಒಳಗೆ ತಗಡು ಇಟ್ಟು ಹೊಳಪು ಕೊಟ್ಟಿದ್ದರೆ ಯುರೋಪಿನ ಒಡವೆಯಲ್ಲಿ ಅದು ಬಹಳ ಹಳೆಯ ಲಕ್ಷಣ. ಆದರೆ ಈ ಮಾತನ್ನು ನಮ್ಮ ಒಡವೆಗೆ ಹಾಕಬೇಡಿ. ಕುಂದಣದ ಕೆಲಸದಲ್ಲಿ ಹಿಂಭಾಗ ಮುಚ್ಚುವುದು ಅಂದೂ ಉಂಟು, ಇಂದೂ ಉಂಟು. ಹೊರಗಿನ ಪುಸ್ತಕ ಓದಿ ಕಲಿತವರು ಇಲ್ಲಿ ಎಡವುತ್ತಾರೆ.

ಕೆಂಪು ಕಲ್ಲು ದೊಡ್ಡದಾಗಿ, ಒಂದೂ ಕಲೆಯಿಲ್ಲದೆ ಇದ್ದರೆ ಭೂತಗನ್ನಡಿ ತೆಗೆಯಿರಿ. ಒಳಗೆ ಬಿಲ್ಲಿನ ಹಾಗೆ ಬಾಗಿದ ಗೆರೆಗಳೋ ಗಾಳಿಗುಳ್ಳೆಗಳೋ ಕಂಡರೆ ಅದು ಕಾರ್ಖಾನೆಯ ಕೆಂಪು. ಅದನ್ನು ಮಾಡುವ ವಿಧಾನ ಹೊರಗೆ ಬಂದದ್ದು 1902ರಲ್ಲಿ. ಎಲ್ಲ ಒಂದೇ ಅಳತೆಯ ದುಂಡು ಮುತ್ತುಗಳ ಸಾಲಿದ್ದರೆ 1920ರ ದಶಕದ ನಂತರದ ಸಾಕಿದ ಮುತ್ತು ಇರಬಹುದು. ಪ್ಲಾಟಿನಂ ಬ್ರೋಚುಗಳಲ್ಲಿ ಹೆಚ್ಚಾಗಿ ಕಾಣುವುದು 1900ರ ನಂತರ, ಬಿಳಿ ಚಿನ್ನ ಮೊದಲ ಮಹಾಯುದ್ಧದ ಸುತ್ತಮುತ್ತ.

ಗಾಜಿನ ಕಲ್ಲಿನ ಮೇಲೆ ಎಣ್ಣೆ ಬಿದ್ದ ಮಳೆನೀರಿನ ಹಾಗೆ ಕಾಮನಬಿಲ್ಲಿನ ಬಣ್ಣ ಓಡುತ್ತದಾ? ಆ ಹೊಳಪಿನ ಲೇಪ ಬಂದದ್ದು 1950ರ ದಶಕದ ಮಧ್ಯದಲ್ಲಿ. ನಾನು ಸಂಗ್ರಹ ಶುರುಮಾಡಿದ ಹೊಸತರಲ್ಲಿ ಬೇರೆ ಊರಿನ ಒಂದು ಅಂಗಡಿಯವರು ಇಂಥದ್ದೇ ಕಲ್ಲಿನ ಬ್ರೋಚನ್ನು ವಿಕ್ಟೋರಿಯಾ ರಾಣಿಯ ಕಾಲದ್ದು ಎಂದು ಕೊಟ್ಟರು. ಸಿ ಕೊಕ್ಕೆ ಇತ್ತು, ನಂಬಿದೆ. ರಾಣಿ ತೀರಿಕೊಂಡದ್ದು 1901ರಲ್ಲಿ. ಆ ಒಂದು ಲೇಪದ ವರ್ಷ ಗೊತ್ತಿದ್ದಿದ್ದರೆ ಸಾಕಿತ್ತು. ಹೊಸ ಭಾಗದ ಮಾತು ಕೇಳಬೇಕು ಎಂಬ ನಿಯಮ ನನಗೆ ಬಂದದ್ದು ಅಲ್ಲಿಂದ.

ಇನ್ನು ಕಪ್ಪು ಬ್ರೋಚುಗಳು. ಇವು ದುಃಖದ ಒಡವೆಗಳು. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ಸಾಯುವವರೆಗೆ ಕಪ್ಪು ಬಟ್ಟೆ ಬಿಡಲಿಲ್ಲ. ಊರಿಗೆ ಊರೇ ಅದನ್ನು ಅನುಸರಿಸಿತು. ಸತ್ತವರ ಕೂದಲನ್ನು ಹೆಣೆದು ಗಾಜಿನ ಕೆಳಗೆ ಇಟ್ಟ ಬ್ರೋಚುಗಳೂ ಇವೆ. ಅಂಥದ್ದು ಸಿಕ್ಕರೆ ಹೆದರಬೇಡಿ, ಅಸಹ್ಯ ಪಡಬೇಡಿ. ಯಾರೋ ಯಾರನ್ನೋ ಎದೆಯ ಮೇಲೆ ಇಟ್ಟುಕೊಂಡು ಬದುಕಿದ್ದರು.

ಕಪ್ಪು ವಸ್ತು ಯಾವುದು ಎಂದು ತಿಳಿಯಲು ಮೊದಲು ಕೆನ್ನೆಗೆ ಹಿಡಿಯಿರಿ. ತಣ್ಣಗೆ, ಭಾರವಾಗಿ ಇದ್ದರೆ ಕಪ್ಪು ಗಾಜು. ಹಗುರ, ಬೆಚ್ಚಗೆ ಇದ್ದರೆ ಜೆಟ್ ಇರಬಹುದು. ಜೆಟ್ ಅಂದರೆ ನೆಲದಡಿಯಲ್ಲಿ ಕಲ್ಲಾದ ಮರ. ಇಂಗ್ಲೆಂಡಿನ ವ್ಹಿಟ್ಬಿ ಎಂಬ ಕಡಲ ಊರಿನದು ಹೆಸರುವಾಸಿ. ಬಣ್ಣ ಹಾಕದ ಬಿಳಿ ಟೈಲ್ಸಿನ ಬೆನ್ನಿಗೆ, ಬ್ರೋಚಿನ ಕಾಣದ ಮೂಲೆಯನ್ನು ಮೆಲ್ಲ ತಾಗಿಸಿ ಎಳೆದರೆ ಜೆಟ್ ಕಂದು ಗೆರೆ ಬಿಡುತ್ತದೆ. ನಮ್ಮ ಮಂಗಳೂರು ಹೆಂಚು ಇದಕ್ಕೆ ಆಗುವುದಿಲ್ಲ, ಕೆಂಪಿನಲ್ಲಿ ಕಂದು ಕಾಣುವುದಿಲ್ಲ. ಗಟ್ಟಿ ಮಾಡಿದ ರಬ್ಬರ್, ವಲ್ಕನೈಟ್, ಅದೂ ಕಂದು ಗೆರೆಯನ್ನೇ ಬಿಡುತ್ತದೆ. ಆದರೆ ಬೆರಳಿನಲ್ಲಿ ಬಿಸಿಯಾಗುವವರೆಗೆ ಉಜ್ಜಿ ಮೂಸಿದರೆ ರಬ್ಬರಿನ ವಾಸನೆ ಬರುತ್ತದೆ. ಬೆಳಕಿಗೆ ಇಟ್ಟದ್ದು ಕಪ್ಪು ಹೋಗಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ.

ಪ್ಲಾಸ್ಟಿಕ್ಕಿಗೂ ಮೂಗೇ ಸಾಕು. ಒಂದು ಮೂಲೆಯನ್ನು ಬಿಸಿನೀರಿಗೆ ತಾಗಿಸಿ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, 1870ರ ದಶಕದಿಂದ ಬಳಕೆಯಲ್ಲಿದ್ದದ್ದು. ಆಸ್ಪತ್ರೆಯ ಔಷಧಿಯಂಥ ಖಾರ ವಾಸನೆ ಬಂದರೆ ಬೇಕಲೈಟ್. ಅದನ್ನು ಕಂಡುಹಿಡಿದದ್ದು 1907ರಲ್ಲಿ, ಒಡವೆಯಾಗಿ ಮೆರೆದದ್ದು 1920–40ರ ನಡುವೆ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹೆಂಗಸಿನ ಮುಖ ಕೆತ್ತಿದ ಕ್ಯಾಮಿಯೋ ಬ್ರೋಚ್ ನಮ್ಮ ಊರಿನಲ್ಲಿ ಜಾಸ್ತಿ ಸಿಗುತ್ತದೆ. ನಿಜವಾದದ್ದು ಹೆಚ್ಚಾಗಿ ಕಡಲ ಚಿಪ್ಪು. ಇಟಲಿಯ ನೇಪಲ್ಸ್ ಹತ್ತಿರದ ತೊರ್ರೆ ದೆಲ್ ಗ್ರೆಕೊ ಈ ಕೆಲಸದ ಊರು. ಕಿಟಕಿಯ ಬೆಳಕಿಗೆ ಹಿಡಿಯಿರಿ. ಚಿಪ್ಪಾದರೆ ಬೆಳಕು ಒಳಗಿಂದ ಹಾಯುತ್ತದೆ, ಬೆನ್ನು ಸ್ವಲ್ಪ ಒಳಕ್ಕೆ ಬಾಗಿರುತ್ತದೆ, ಕೂದಲಿನ ಎಳೆಗಳಲ್ಲಿ ಉಳಿಯ ಗೀರು ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಗೀರು ಇರುವುದಿಲ್ಲ, ಎಲ್ಲ ಅಂಚೂ ಮೊಂಡು, ಬದಿಯಲ್ಲಿ ಅಚ್ಚಿನ ಗೆರೆ.

ಮುಂಭಾಗ ಕೊನೆಗೆ

ಈಗ ತಿರುಗಿಸಿ ಅಂದ ನೋಡಿ. 1890ರಿಂದ 1910ರ ಸುಮಾರಿನಲ್ಲಿ ಬಳ್ಳಿಯ ಹಾಗೆ ಹರಿಯುವ ಗೆರೆ, ಡ್ರಾಗನ್‌ಫ್ಲೈ, ಬಿಚ್ಚುಗೂದಲಿನ ಹೆಂಗಸು. ಅದೇ ಕಾಲದ ಇನ್ನೊಂದು ಕಡೆ ಲೇಸಿನಷ್ಟು ತೆಳುವಾದ ಬಿಳಿ ಲೋಹದ ಕೆಲಸ. 1920–35ರಲ್ಲಿ ಚೌಕ, ತ್ರಿಕೋನ, ನೇರ ಗೆರೆ. ಎರಡು ಕ್ಲಿಪ್ ಸೇರಿ ಒಂದು ಬ್ರೋಚ್ ಆಗುವ ಜೋಡಿ 1920ರ ದಶಕದ ಕೊನೆಯಿಂದ. ಇವೆಲ್ಲ ತಿಳಿದಿರಲಿ, ಆದರೆ ನಂಬಿ ಕೂರಬೇಡಿ. ಅಂದವನ್ನು ಯಾವ ಕಾಲದಲ್ಲೂ ನಕಲು ಮಾಡಬಹುದು, ಮಾಡಿದ್ದಾರೆ.

ಲೆಕ್ಕ ಹಾಕುವುದು

ನೋಟ್‌ಬುಕ್ಕಿನಲ್ಲಿ ಎರಡು ವರ್ಷ ಬರೆಯಿರಿ: ಇದಕ್ಕಿಂತ ಮೊದಲು ಆಗಿರಲು ಸಾಧ್ಯವಿಲ್ಲ, ಇದಕ್ಕಿಂತ ಆಮೇಲೆ ಆಗಿರುವುದು ಕಷ್ಟ. ನಡುವೆ ಇರುವುದು ನಿಮ್ಮ ಉತ್ತರ. ಒಂದೇ ವರ್ಷ ಹೇಳಲು ಸಾಧ್ಯವಾಗುವುದು ವರ್ಷದ ಅಕ್ಷರ ಇದ್ದಾಗ ಮಾತ್ರ.

ಅಜ್ಜಿಯ ಬ್ರೋಚಿಗೆ ಬರುತ್ತೇನೆ. ಬೆನ್ನಿನಲ್ಲಿ 800, ಅರ್ಧಚಂದ್ರ, ಕಿರೀಟ. ಅಂದರೆ ಜರ್ಮನ್ ಬೆಳ್ಳಿ, 1888ಕ್ಕಿಂತ ಮೊದಲಿನದಲ್ಲ. ಸಿ ಕೊಕ್ಕೆ, ಬೆಸುಗೆ ಶುದ್ಧ, ಪಕ್ಕದಲ್ಲಿ ಬೇರೆ ಕಲೆ ಇಲ್ಲ. ಸೂಜಿ ಕೊಕ್ಕೆಯನ್ನು ದಾಟಿ ಅಂಚಿನವರೆಗೆ ಬಂದಿದೆ, ತುದಿ ಸಪೂರ. ಮೂರು ಕೊಳವೆಯ ಕೀಲು. ಬೀಗದ ಕೊಕ್ಕೆ ಸಾಮಾನ್ಯವಾಗುವ ಮೊದಲಿನ ಕೆಲಸ. ನಾನು ಬರೆದದ್ದು: 1888ರಿಂದ 1915ರ ಒಳಗೆ. ಆ ಮೇಡಮ್ಮೇ ಕೊಟ್ಟರು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಮನೆಯ ಕಥೆಗೂ ಬ್ರೋಚಿನ ಬೆನ್ನಿಗೂ ಜಗಳ ಇಲ್ಲ. ಅದನ್ನು ಅಜ್ಜಿಗೆ ಓದಿ ಹೇಳಿದ ದಿನ ಅವರು ಬ್ರೋಚನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಕೊಳ್ಳುವ ಮೊದಲು

ಲೋಹ ಯಾವುದೆಂದು ತಿಳಿಯಲು ಒರೆಗಲ್ಲಿಗೆ ಉಜ್ಜಿಸಬೇಡಿ. ಈಗ ದೊಡ್ಡ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಯಂತ್ರ ಇರುತ್ತದೆ, ಗೀರು ಬೀಳದೆ ಹೇಳುತ್ತದೆ. ಆಯಸ್ಕಾಂತಕ್ಕೆ ಬ್ರೋಚಿನ ಮೈ ಅಂಟಿದರೆ ಚಿನ್ನ, ಬೆಳ್ಳಿ ಅಲ್ಲ. ಸೂಜಿ ಮಾತ್ರ ಅಂಟಿದರೆ ಅದು ಉಕ್ಕಿನ ಸೂಜಿ, ಹಳೆಯದರಲ್ಲೂ ಇರುತ್ತದೆ.

ಹುಲಿ ಉಗುರಿಗೆ ಚಿನ್ನ ಕಟ್ಟಿದ ಬ್ರೋಚುಗಳು ಬ್ರಿಟಿಷರ ಕಾಲದಲ್ಲಿ ಬಹಳ ಆಗಿದ್ದವು. ಎಷ್ಟೇ ಹಳೆಯದಾದರೂ ಅದನ್ನು ಕೊಳ್ಳಬೇಡಿ, ಮಾರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಆನೆ ದಂತದ್ದಕ್ಕೂ ಅದೇ ಮಾತು. ಮನೆಯಲ್ಲೇ ಸಿಕ್ಕಿದರೆ ಅರಣ್ಯ ಇಲಾಖೆಯವರ ಹತ್ತಿರ ಮಾತಾಡಿ. ಇನ್ನೊಂದು ಕಾನೂನೂ ಅದೇ 1972ರದ್ದು. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಗಲ್ಫಿನಲ್ಲೋ ಅಮೆರಿಕದಲ್ಲೋ ಇರುವ ಮಗಳಿಗೆ ಕಳಿಸುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ.

ನಮ್ಮ ಮಳೆಗಾಲಕ್ಕೆ

ಇಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಯೇ ಬೂಸ್ಟು ಹಿಡಿಯುತ್ತದೆ. ಉಪ್ಪುಗಾಳಿ ಬೇರೆ. ಹಿತ್ತಾಳೆ, ತಾಮ್ರ ಇರುವ ಬ್ರೋಚುಗಳಿಗೆ ಹಸಿರು ಕಿಲುಬು ಬರುತ್ತದೆ. ಅಜ್ಜಿ ಇಟ್ಟ ಹಾಗೆ ಬಿಡಿ ಹತ್ತಿಯಲ್ಲಿ ಸುತ್ತಬೇಡಿ, ಅದು ತೇವ ಹಿಡಿಯುತ್ತದೆ. ಹಳೆಯ ಮೆತ್ತಗಿನ ಕಾಟನ್ ಪಂಚೆಯ ತುಂಡನ್ನು ಒಗೆದು ಚೆನ್ನಾಗಿ ಒಣಗಿಸಿ ಒಂದೊಂದನ್ನೇ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ರಬ್ಬರ್ ಬ್ಯಾಂಡ್ ಹತ್ತಿರವೂ ತರಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಸೆಲ್ಯುಲಾಯ್ಡ್ ಬ್ರೋಚಿಗೆ ಬೇರೆಯೇ ಪೆಟ್ಟಿಗೆ, ಅದನ್ನು ಮುಚ್ಚಿ ಬಿಗಿಯಬೇಡಿ. ಹಳೆಯ ಸೆಲ್ಯುಲಾಯ್ಡ್ ಬಿಡುವ ಗಾಳಿ ಪಕ್ಕದ ಲೋಹವನ್ನು ತಿನ್ನುತ್ತದೆ.

ತೊಳೆಯಲೇಬೇಕಾದರೆ, ಕಲ್ಲಿಲ್ಲದ ಬರೀ ಚಿನ್ನದ್ದಕ್ಕೆ ಅಂಟುವಾಳದ ತೆಳು ನೀರು, ಮೆತ್ತನೆ ಬ್ರಷ್, ಆಮೇಲೆ ಪೂರ್ತಿ ಒಣಗಿಸುವುದು. ಹುಣಸೆಹುಳಿ, ಪೇಸ್ಟ್, ಬೂದಿ ಯಾವುದೂ ಬೇಡ. ಹಿಂಭಾಗ ಮುಚ್ಚಿದ ಕಲ್ಲು, ಕೂದಲಿನ ಬ್ರೋಚ್, ಮುತ್ತು, ಕ್ಯಾಮಿಯೋ ಇವುಗಳಿಗೆ ನೀರು ಮುಟ್ಟಿಸಬೇಡಿ. ಒಳಗಿನ ತಗಡು ಒಮ್ಮೆ ಒದ್ದೆಯಾದರೆ ಕಲ್ಲಿನ ಹೊಳಪು ಸತ್ತುಹೋಗುತ್ತದೆ.

ಡಬ್ಬಿ ಮುಚ್ಚುವ ಮೊದಲು ಪ್ರತಿ ಬ್ರೋಚಿನ ಜೊತೆ ಒಂದು ಚೀಟಿ ಇಡಿ. ಯಾರಿಂದ ಬಂತು, ಯಾವಾಗ ಬಂತು, ಬೆನ್ನಿನಲ್ಲಿ ಏನು ಕಂಡಿತು, ಯಾವ ವರ್ಷದಿಂದ ಯಾವ ವರ್ಷದ ಒಳಗೆ, ಯಾವ ಭಾಗ ರಿಪೇರಿ ಆಗಿದೆ. ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ.